ಗುಂಡಯ್ಯನ ಗೆರೆಗಳು

ನಮ್ಮ ಮನೆದೇವರು ಯಾರೆಂದು ಡೊಂಬಿವಲಿಯ ಚಾಳಿನಲ್ಲಿ ಯಾರಾದರೂ ಕೇಳಿದರೆ ಅವ್ವ ವೀರಭದ್ರನ ಹೆಸರು ಹೇಳುತ್ತಿದ್ದಳು. ಗುಂಡಯ್ಯನ ಸುದ್ದಿ ಎತ್ತುತ್ತಿರಲಿಲ್ಲ. ಎತ್ತಿದರೆ ನೆರೆಯವರು ನೋಡಲು ಬರುತ್ತಿದ್ದರು, ನೋಡಿದರೆ ನಗುತ್ತಿದ್ದರು. ಗುಂಡಯ್ಯ ಎಂದರೆ ತೆಂಗಿನಕಾಯಿ ಗಾತ್ರದ ಒಂದು ಕಬ್ಬಿಣದ ಗುಂಡು. ಎತ್ತಲು ಹೋದವರ ಕೈ ಒಮ್ಮೆ ಜಗ್ಗುವಷ್ಟು ಭಾರ. ಮೈತುಂಬ ಹಸಿ ಹಿಟ್ಟಿಗೆ ಹೆಬ್ಬೆರಳು ಒತ್ತಿದಂತೆ ತಗ್ಗುಗಳು. ಎಣ್ಣೆ ಕುಡಿದು ಕುಡಿದು ಕರ್ರಗೆ ಮಿರುಗುತ್ತಿತ್ತು.

ನಾವು ಬಾಗಲಕೋಟೆ ಕಡೆಯ ಕಂಬಾರರು. ಯಾರದೋ ಹೊಲದಲ್ಲಿ ನೇಗಿಲಿಗೆ ಸಿಕ್ಕ ಈ ಗುಂಡನ್ನು ಕುಳ ಬಡಿಯಲು ಆದೀತೆಂದು ಮುತ್ತಜ್ಜ ಮನೆಗೆ ತಂದನಂತೆ. ಒಂದೇ ಏಟು ಹಾಕಿದ್ದಾನೆ. ಸುತ್ತಿಗೆ ಪುಟಿದು ಬಂದು ಅವನದೇ ಹಲ್ಲು ಉದುರಿಸಿದೆ. ಕಂಬಾರನ ಏಟಿಗೆ ಜಗ್ಗದ ಕಬ್ಬಿಣ ದೇವರಲ್ಲದೆ ಇನ್ನೇನು ಎಂದು ಅಂದೇ ಅದನ್ನು ದೇವರ ಜಗಲಿಯ ಮೇಲೆ ಕೂರಿಸಿದ. ನನ್ನ ಅಪ್ಪ ಗುರುಪಾದಪ್ಪ ಊರು ಬಿಟ್ಟು ಬರುವಾಗ ಅಣ್ಣತಮ್ಮಂದಿರು ಮನೆ ಹಂಚಿಕೊಂಡರು, ಅಪ್ಪ ಗುಂಡಯ್ಯನನ್ನು ತೆಗೆದುಕೊಂಡ. ಅವ್ವ ಪಾರವ್ವ ಇದನ್ನು ಎಂದೂ ಕ್ಷಮಿಸಲಿಲ್ಲ.

ಅಪ್ಪ ಅಂಬರನಾಥದ ಒಂದು ಉಕ್ಕಿನ ಎರಕದ ಕಾರ್ಖಾನೆಯಲ್ಲಿ ಅನೀಲಿಂಗ್ ಭಟ್ಟಿಯ ಮೇಲಿದ್ದ. ಗಟ್ಟಿಯಾದ ಉಕ್ಕನ್ನು ಕೆಂಪಗೆ ಕಾಸಿ, ಭಟ್ಟಿಯೊಳಗೇ ಬಿಟ್ಟು, ನಿಧಾನವಾಗಿ ಆರಿಸುವ ಕೆಲಸ. ಹಾಗೆ ಆರಿಸಿದರೆ ಉಕ್ಕು ಮೆತ್ತಗಾಗಿ ಗರಗಸಕ್ಕೆ, ಲೇತಿಗೆ ಬಗ್ಗುತ್ತದೆ. ಈ ಕೆಲಸದಲ್ಲಿ ಅಪ್ಪನನ್ನು ಮೀರಿಸಿದವರಿರಲಿಲ್ಲ ಎಂದು ನಾನು ಹೇಳಿದರೆ ಮಗಳ ಮಾತಾದೀತು. ಅವನು ಮುಟ್ಟಿದ ಎರಕ ಬಿರುಕು ಬಿಡುವುದಿಲ್ಲ ಎಂದು ಅವನನ್ನು ಕಂಡರಾಗದ ಫೋರ್‌ಮನ್ನೇ ಹೇಳುತ್ತಿದ್ದ.

ಕಾರ್ಖಾನೆಯಲ್ಲಿ ಖಂಡೇನವಮಿ ಜೋರು. ಮರಾಠಿಯವರೂ ನಮ್ಮವರೂ ಸೇರಿ ಲೇತು, ಗರಗಸ, ಭಟ್ಟಿ ಎಲ್ಲಕ್ಕೂ ಅರಿಸಿನ ಕುಂಕುಮ ಹಚ್ಚಿ ಚೆಂಡುಹೂವಿನ ಮಾಲೆ ಹಾಕುತ್ತಿದ್ದರು. ಎಪ್ಪತ್ತೊಂಬತ್ತರ ಹಬ್ಬದ ದಿನ ಅಪ್ಪನಿಗೆ ಏನು ಹೊಳೆಯಿತೋ, ಗುಂಡಯ್ಯನನ್ನು ಕೈಚೀಲದಲ್ಲಿಟ್ಟುಕೊಂಡು ಲೋಕಲ್ ಹತ್ತಿದ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ದೇವರನ್ನ ಯಾಕ ಕಾರ್ಖಾನಿಗೆ ಒಯ್ತೀರಿ? ಮನ್ಯಾಗ ಪೂಜಿ ಇಲ್ಲೇನು?”

“ನಮ್ಮಪ್ಪ ತಿದಿ ಮುಂದ ಇಟ್ಟು ಪೂಜಿ ಮಾಡ್ತಿದ್ದ,” ಎಂದ ಅಪ್ಪ. “ಈಗ ನನ್ನ ತಿದಿ ಅಲ್ಲೈತಿ. ಆತಗೂ ಒಮ್ಮೆ ತೋರಸ್ತೀನಿ.”

ಕಂಬಾರನಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಬೆಳಿಗ್ಗೆ ಗೇಟಿನಲ್ಲಿ ಒಳಗೆ ಹೋಗುವವರ ಚೀಲ ಯಾರೂ ನೋಡುವುದಿಲ್ಲ. ಭಟ್ಟಿಯ ಬಾಯಿಯ ಮುಂದೆ ಗುಂಡಯ್ಯನನ್ನು ಕೂರಿಸಿ, ವಿಭೂತಿ ಬಳಿದು, ಕುಂಕುಮ ಇಟ್ಟು, ಹೂವಿನಲ್ಲಿ ಮುಳುಗಿಸಿ ಪೂಜೆ ಮಾಡಿದ. ಎಲ್ಲರೂ ಕೈಮುಗಿದರು, ಪೇಢೆ ತಿಂದರು. ಸಂಜೆ ಹೊರಗೆ ಬರುವಾಗ ವಾಚ್‌ಮನ್ ಚೀಲ ಮುಟ್ಟಿದ.

“ಥೈಲಿ ಮೆ ಕ್ಯಾ ಹೈ?”

“ದೇವ್ ಹೈ,” ಎಂದ ಅಪ್ಪ.

ಆ ವರ್ಷ ಕಾರ್ಖಾನೆಯ ಸ್ಟೋರಿನಿಂದ ನಿಕ್ಕೆಲ್ ಕಾಣೆಯಾಗುತ್ತಿತ್ತು. ಪರದೇಶದಿಂದ ಲೈಸೆನ್ಸ್ ಮೇಲೆ ತರಿಸುವ ಲೋಹ. ಸರಕಾರಕ್ಕೆ ಲೆಕ್ಕ ಒಪ್ಪಿಸಬೇಕಾದ ಲೋಹ. ಸಿಕ್ಕಿಬೀಳಬೇಕಾದವರು ಸ್ಟೋರಿನೊಳಗೆ ಕುರ್ಚಿಯ ಮೇಲೆ ಕೂತಿದ್ದರು ಎಂಬುದು ಕ್ಯಾಂಟೀನಿನ ಕೆಟಲಿಗೂ ಗೊತ್ತಿತ್ತು. ಆದರೆ ಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದವನು ನನ್ನ ಅಪ್ಪ. ಗುಂಡಯ್ಯನ ಮೈಯನ್ನು ಅರದಿಂದ ಉಜ್ಜಿ, ಪುಡಿಯನ್ನು ಆಸಿಡ್‌ನಲ್ಲಿ ಕರಗಿಸಿ, ಕಾರ್ಖಾನೆಯ ಲ್ಯಾಬಿನವರು ಅದಕ್ಕೆ ಏನೋ ಹನಿ ಹಾಕಿದರು. ಗಾಜಿನ ಕೊಳವೆ ಗುಲಾಲು ಕಲಸಿದಂತೆ ಕೆಂಪಾಯಿತು. ನಿಕ್ಕೆಲ್ ಇದ್ದರೆ ಮಾತ್ರ ಬರುವ ಬಣ್ಣವಂತೆ.

ಮ್ಯಾನೇಜರ್ ಸಾಹೇಬರು ಅಲ್ಲೇ ಕಥೆ ಕಟ್ಟಿದರು. ಕದ್ದ ನಿಕ್ಕೆಲನ್ನು ಕಬ್ಬಿಣದಲ್ಲಿ ಕರಗಿಸಿ, ಉಂಡೆ ಮಾಡಿ, ಕುಂಕುಮ ಬಳಿದು, ದೇವರ ವೇಷ ಹಾಕಿ ಸಾಗಿಸುತ್ತಿದ್ದಾನೆ. ಅಪ್ಪನಿಗೆ ಸಸ್ಪೆನ್ಷನ್ ಆಯಿತು, ವಿಚಾರಣೆ ಶುರುವಾಯಿತು. ಹಬ್ಬದ ಬೆಳಿಗ್ಗೆ ಕೈಮುಗಿದು ಪೇಢೆ ತಿಂದವರನ್ನು, ವಿಚಾರಣೆಗೆಂದು ಕಾರ್ಖಾನೆ ನೇಮಿಸಿದ್ದ ವಕೀಲರು ಒಬ್ಬೊಬ್ಬರನ್ನೇ ಕರೆದು ಕೇಳಿದರು. ಹೂವಿನ ರಾಶಿ ಕಂಡೆವು, ಒಳಗೆ ಏನಿತ್ತೋ ನಮಗೆ ಗೊತ್ತಿಲ್ಲ ಎಂದರು. ಅಪ್ಪನ ಜೊತೆ ಹತ್ತು ವರ್ಷ ಒಂದೇ ಡಬ್ಬಿಯಲ್ಲಿ ಉಂಡ ಮುಂಡಪ್ಪನೂ ಅದನ್ನೇ ಹೇಳಿದ. ಮುಂಡಪ್ಪ ಮಂಗಳೂರು ಕಡೆಯವನು, ಗರಗಸದ ಮಷೀನಿನ ಮೇಲಿದ್ದ. ಅವನ ಹೆಸರು ಬರೆಯಲು ನನಗೆ ಈಗಲೂ ಮನಸ್ಸಿಲ್ಲ, ಬರೆಯದಿದ್ದರೆ ಕಥೆ ಮುಂದೆ ಹೋಗುವುದಿಲ್ಲ.

“ನೌಕರಿ ಹೋದ್ರ ಹೋಗ್ಲಿ,” ಎನ್ನುತ್ತಿದ್ದ ಅಪ್ಪ. “ಕಳ್ಳ ಅನ್ನಿಸಿಕೊಂಡು ಹೊರಗ ಬರಾಂಗಿಲ್ಲ ನಾ.” ದಿನಕ್ಕೆ ಹತ್ತು ಸಲ ಇದೇ ಮಾತು. ಚಾಳಿನಲ್ಲಿ ನೀರಿನ ಸಾಲಿಗೆ ನಿಂತಾಗ ಹೆಂಗಸರು ಅವ್ವನ ಕೊಡಕ್ಕೆ ತಮ್ಮ ಕೊಡ ತಾಗದಂತೆ ಸರಿಯತೊಡಗಿದ್ದರು. ಅವ್ವ ಹುಳಿ ಮಾತಿಗೆ ಖಾರದ ಮಾತು ಕೊಡುವವಳು, ಆಗ ಎಲ್ಲರೂ ತುಂಬಿಕೊಂಡು ಹೋದಮೇಲೆ ನೀರು ತರುತ್ತಿದ್ದಳು.

ಪುಂಡರೀಕಾಕ್ಷ ಅಂಕಲ್ ನಮ್ಮ ಪಾಲಿಗೆ ಬಂದದ್ದು ಆಗ. ಉಡುಪಿಯವರು. ಅವರ ಅಣ್ಣನ ಹೋಟೆಲ್ ಡೊಂಬಿವಲಿ ಸ್ಟೇಷನ್ನಿನ ಎದುರಿಗಿತ್ತು, ಇವರು ಠಾಣೆ ಪಟ್ಟಣದ ಒಂದು ಖಾಸಗಿ ಲ್ಯಾಬಿನಲ್ಲಿ ಲೋಹ ಪರೀಕ್ಷೆ ಮಾಡುವ ಕೆಮಿಸ್ಟ್. ಕನ್ನಡ ಸಂಘದ ಗಣಪತಿಯಲ್ಲಿ ಪರಿಚಯ. ಅಪ್ಪನ ಮಾತನ್ನು ಪೂರ್ತಿ ಕೇಳಿದ ಮೊದಲ ಮನುಷ್ಯ ಅವರು. ಹೊಲದಲ್ಲಿ ಸಿಕ್ಕಿದ್ದು, ಹೆಬ್ಬೆರಳಿನ ತಗ್ಗು, ಭಾರ, ನಿಕ್ಕೆಲ್ ಎಲ್ಲವನ್ನೂ ಕೇಳಿ ಹೋಟೆಲಿನ ಮೇಜಿನ ಮೇಲೆ ಕೈ ಬಡಿದರು.

“ಗುರುಪಾದಪ್ಪನವರೇ, ನಿಮ್ಮ ದೇವರು ಆಕಾಶದಿಂದ ಬಿದ್ದದ್ದು ಮಾರಾಯ್ರೇ! ಉಲ್ಕೆ ಅದು. ಕಬ್ಬಿಣದ ಉಲ್ಕೆಯಲ್ಲಿ ನಿಕ್ಕೆಲ್ ಇದ್ದೇ ಇರ್ತದೆ. ಇಲ್ಲದಿದ್ದರೇ ಅನುಮಾನ ಪಡಬೇಕು.”

“ಮತ್ತ ಅವರು ನಿಕ್ಕೆಲ್ ಐತಿ ಅಂತನ ನನಗ ಕಳ್ಳ ಅಂತಾರಲ್ರೀ?”

“ಅದಕ್ಕೇ ಇನ್ನೊಂದು ಸಾಕ್ಷಿ ಬೇಕು. ಒಂದು ತುಂಡು ಕೊಯ್ದು ಕೊಡ್ಲಿಕ್ಕೆ ಹೇಳಿ. ಕನ್ನಡಿಯ ಹಾಗೆ ಪಾಲಿಶ್ ಮಾಡಿ ಆಸಿಡ್ ಸವರಿದರೆ ಒಳಗಿನ ಗೆರೆಗಳು ಏಳ್ತವೆ. ಅಡ್ಡಡ್ಡ, ಓರೆಯೋರೆ, ಚಾಪೆ ಹೆಣೆದ ಹಾಗೆ. ಅಂಥ ಗೆರೆ ಭೂಮಿಯ ಮೇಲೆ ಯಾವ ಕಾರ್ಖಾನೆಯೂ ಹಾಕ್ಲಿಕ್ಕೆ ಸಾಧ್ಯ ಇಲ್ಲ. ಅದನ್ನು ನೋಡಿದ ಮೇಲೆ ಯಾವ ವಕೀಲ ಬಂದರೂ ಬಾಯಿ ಮುಚ್ಚಬೇಕು.”

ಅಪ್ಪನ ಮುಖ ಅರಳಿದ್ದನ್ನು ನಾನು ತಿಂಗಳ ಮೇಲೆ ಅಂದೇ ಕಂಡದ್ದು. ಅಂಗೈ ಬಿಡಿಸಿ ತನ್ನ ಗೆರೆಗಳನ್ನು ನೋಡಿಕೊಂಡ. “ಹುಟ್ಟಾ ಬಂದ ಗೆರಿ. ಅವನ್ನ ಯಾರು ಅಳಸ್ತಾರ,” ಎಂದ. ಪುಂಡರೀಕಾಕ್ಷ ಅಂಕಲ್ ತಲೆಯಾಡಿಸಿ, ಕೊಯ್ಯುವಾಗ ನೀರು ಬಿಟ್ಟುಕೊಂಡು ಕೊಯ್ಯಲು ಹೇಳಿ ಎಂದು ಎರಡು ಸಲ ಹೇಳಿದರು. ಹೂಂರಿ, ನೀರು ಬಿಡದೆ ಯಾರು ಕೊಯ್ತಾರ ಎಂದು ಅಪ್ಪ ನಕ್ಕ. ನಾನು ಕಾಮರ್ಸ್ ಓದುತ್ತಿದ್ದೆ. ನೀರೇಕೆ ಎಂದು ನನಗೂ ಗೊತ್ತಿರಲಿಲ್ಲ.

ವಿಚಾರಣೆಯ ವಕೀಲರು ಒಪ್ಪಿದರು. ಗುಂಡಯ್ಯ ಕಾರ್ಖಾನೆಯ ಬೀರುವಿನಲ್ಲಿ ಮುದ್ದೆಮಾಲಾಗಿ ಬಂಧಿಯಾಗಿದ್ದ. ತುಂಡನ್ನು ಕಾರ್ಖಾನೆಯಲ್ಲೇ, ಎಲ್ಲರ ಎದುರಿಗೆ ಕೊಯ್ಯುವುದೆಂದಾಯಿತು. ಅಪ್ಪನನ್ನೂ ಕರೆಸಿದರು. ಮುಂದೆ ನಡೆದದ್ದನ್ನೆಲ್ಲ ಅಪ್ಪ ಕೊಯ್ದು ಮುಗಿದ ದಿನ ಸಂಜೆ ಮನೆಗೆ ಬಂದು ನಮಗೆ ಉತ್ಸಾಹದಿಂದ ಹೇಳಿದ್ದ.

ಮುಂಡಪ್ಪ ಗುಂಡಯ್ಯನನ್ನು ಮಷೀನಿಗೆ ಕಟ್ಟಿ ಗರಗಸ ಬಿಟ್ಟ. ಬ್ಲೇಡ್ ಸ್ವಲ್ಪ ಇಳಿಯಿತು, ಒಳಗೆ ಯಾವುದೋ ಗಟ್ಟಿ ಹರಳಿಗೆ ತಾಗಿ ಹಲ್ಲುದುರಿಸಿಕೊಂಡು ಮುರಿಯಿತು. ಇನ್ನೊಂದು ಹಾಕಿದ. ಅದೂ ಮುರಿಯಿತು. ಮುಂಡಪ್ಪ ಬೆವರಿದ, ಫೋರ್‌ಮನ್ ಬೈದ, ವಕೀಲರು ಗಡಿಯಾರ ನೋಡಿಕೊಂಡರು. ಅಪ್ಪ ಒಂದು ಪಕ್ಕದಲ್ಲಿ ಕೈಕಟ್ಟಿ ನಿಂತವನು ತಡೆಯಲಾರದೆ ಮುಂದೆ ಬಂದ. ಗಟ್ಟಿ ಮಾಲು ಗರಗಸಕ್ಕೆ ಬಗ್ಗದಿದ್ದರೆ ಏನು ಮಾಡಬೇಕೆಂದು ಆ ಶೆಡ್ಡಿನಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದರು?

“ಸಾಹೇಬ, ಭಟ್ಟಿ ಮೆ ಡಾಲನಾ ಪಡೇಗಾ. ಮೈ ಡಾಲತಾ ಹೂಂ.”

ಎಲ್ಲರೂ ಒಪ್ಪಿದರು. ಆ ಶೆಡ್ಡಿನಲ್ಲಿ ಅದು ಪದ್ಧತಿ, ಬ್ಲೇಡ್ ಮುರಿದ ಮಾಲು ಭಟ್ಟಿಗೆ ಹೋಗಿಯೇ ಬರಬೇಕು. ಸಸ್ಪೆಂಡ್ ಆದವನು ಮಷೀನು ಮುಟ್ಟಬಾರದೆಂಬ ನಿಯಮ ಯಾರಿಗೂ ನೆನಪಾಗಲಿಲ್ಲ. ನಿಯಮ ನಮಗೆ ಉಪಕಾರವಾಗುವಾಗ ನಿದ್ದೆ ಹೊಡೆಯುತ್ತದೆ. ಅಪ್ಪ ಕೈಮುಗಿದು, ಹೆಂಡತಿ ಮಕ್ಕಳನ್ನು ಬಸ್ಸಿಗೆ ಹತ್ತಿಸುವಷ್ಟು ಜೋಪಾನದಿಂದ ಗುಂಡಯ್ಯನನ್ನು ಭಟ್ಟಿಯೊಳಗಿಟ್ಟ. ದೇವರ ಕೆಲಸವಲ್ಲವೇ, ಮಾಮೂಲಿಗಿಂತ ಹೆಚ್ಚು ಕಾವು ಕೊಟ್ಟ, ಹೆಚ್ಚು ಹೊತ್ತು ಇಟ್ಟ. ವಕೀಲರು ಭಟ್ಟಿಯ ಬಾಗಿಲಿಗೆ ಸೀಲು ಹಾಕಿ ಹೋದರು. ಎರಡು ದಿನ ಬಿಟ್ಟು ತೆಗೆದಾಗ ಮುಂಡಪ್ಪನ ಗರಗಸ ಬೆಣ್ಣೆ ಕೊಯ್ದಂತೆ ಇಳಿಯಿತಂತೆ. ನೀರು ಬಿಟ್ಟುಕೊಂಡೇ ಕೊಯ್ದರಂತೆ, ಅಪ್ಪ ತಾನೇ ನಿಂತು ನೀರಿನ ನಲ್ಲಿ ತಿರುಗಿಸಿದನಂತೆ.

ಭಾನುವಾರ ನಾನೂ ಅಪ್ಪನೂ ತುಂಡು ಹಿಡಿದುಕೊಂಡು ಠಾಣೆಗೆ ಹೋದೆವು. ಲ್ಯಾಬಿನಲ್ಲಿ ಪುಂಡರೀಕಾಕ್ಷ ಅಂಕಲ್ ಒಬ್ಬರೇ ಇದ್ದರು. ಉಪ್ಪುಕಾಗದದ ಮೇಲೆ ತುಂಡನ್ನು ತಿಕ್ಕಿದರು, ಇನ್ನೂ ನಯವಾದ ಕಾಗದ ತೆಗೆದರು, ಆಮೇಲೆ ತಿರುಗುವ ಬಟ್ಟೆಯ ಮೇಲೆ ಹಿಡಿದರು. ತುಂಡು ಬೆಳ್ಳಿಯ ತಟ್ಟೆಯಂತಾಯಿತು. ಅಪ್ಪ ಅದರಲ್ಲಿ ಮೀಸೆ ನೋಡಿಕೊಂಡು ನನ್ನನ್ನು ನೋಡಿ ಹಲ್ಲು ಕಿರಿದ. ಅಂಕಲ್ ಸ್ಪಿರಿಟ್ಟಿನಲ್ಲಿ ನೈಟ್ರಿಕ್ ಆಸಿಡ್ ಬೆರೆಸಿ ಹತ್ತಿಯಿಂದ ಸವರಿದರು. ಹೊಳಪು ಮಂಕಾಯಿತು. ನಾವು ಮೂವರೂ ತಲೆ ತಲೆ ತಾಗಿಸಿ ಬಗ್ಗಿದೆವು.

ಗೆರೆಗಳಿರಲಿಲ್ಲ. ಮರಳು ಚೆಲ್ಲಿದಂತೆ ಬೂದು ಕಾಳುಕಾಳು. ಅಂಚಿನಲ್ಲಿ ಮಾತ್ರ ಅಡ್ಡಡ್ಡ ಎರಡು ಮೂರು ಮಸುಕು ನೆರಳು, ತೊಳೆದ ಪಾಟಿಯ ಮೇಲೆ ಉಳಿದ ಅಕ್ಷರದ ಹಾಗೆ. ಅಂಕಲ್ ತುಂಡನ್ನು ತೊಳೆದು, ಮತ್ತೆ ಪಾಲಿಶ್ ಮಾಡಿ, ಮತ್ತೆ ಸವರಿದರು. ಮತ್ತೂ ಅದೇ ಆಯಿತು. ಕನ್ನಡಕ ತೆಗೆದು ಒರೆಸಿಕೊಂಡರು.

“ಗುರುಪಾದಪ್ಪನವರೇ, ಇದನ್ನು ಎಲ್ಲಿಯಾದರೂ ಬಿಸಿ ಮಾಡಿದ್ದುಂಟಾ?”

“ಹೂಂರಿ ಮತ್ತ! ಬ್ಲೇಡ್ ಮುರದ್ವು. ನಾನ ಭಟ್ಟಿಗೆ ಹಾಕಿ ಮೆತ್ತಗ ಮಾಡಿದೆ. ಹೆಂಗ, ಛಲೋ ಆಗೇತಿಲ್ಲ?”

ಪುಂಡರೀಕಾಕ್ಷ ಅಂಕಲ್ ಸ್ಟೂಲಿನ ಮೇಲೆ ಕೂತುಬಿಟ್ಟರು. ನಿಧಾನವಾಗಿ ಹೇಳತೊಡಗಿದರು. ಒಡೆದುಹೋದ ಯಾವುದೋ ಗ್ರಹದ ಹೊಟ್ಟೆಯಲ್ಲಿ ಈ ಕಬ್ಬಿಣ ಕರಗಿ ಕೂತಿತ್ತು. ಒಂದು ಡಿಗ್ರಿ ಆರಲು ಸಾವಿರಾರು ವರ್ಷ ತೆಗೆದುಕೊಂಡಿತು. ಅಷ್ಟು ನಿಧಾನವಾಗಿ ಆರುವಾಗ ಒಳಗಿನ ಲೋಹ ಎರಡಾಗುತ್ತದೆ. ನಿಕ್ಕೆಲ್ ಕಡಿಮೆಯಿರುವುದು ಒಂದು ಪಟ್ಟಿ, ಹೆಚ್ಚಿರುವುದು ಇನ್ನೊಂದು ಪಟ್ಟಿ. ಗೆರೆ ಅಂದರೆ ಅದೇ. ಅದನ್ನು ಮತ್ತೆ ಕೆಂಪಗೆ ಕಾಸಿದರೆ—

“ಸಾಕ್ರೀ,” ಎಂದ ಅಪ್ಪ.

ಉಳಿದದ್ದನ್ನು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಕಾಸಿ ಆರಿಸುವುದೇ ಅವನ ಕಸುಬು. ನನಗೆ ಇನ್ನೂ ಅರ್ಥವಾಗಿರಲಿಲ್ಲ, ಅಪ್ಪನ ಮುಖ ನೋಡಿದೆ, ಆಗ ಅರ್ಥವಾಯಿತು. ಲಕ್ಷಾಂತರ ವರ್ಷದ ಕೆಲಸವನ್ನು ಎರಡು ದಿನದಲ್ಲಿ ಅಳಿಸಿದ್ದ, ಅದೂ ತನ್ನ ಜೀವಮಾನದಲ್ಲೇ ಅತ್ಯಂತ ಶ್ರದ್ಧೆಯಿಂದ ಮಾಡಿದ ಕೆಲಸದಲ್ಲಿ.

“ಹೇಳಬೇಕಿತ್ತು ನಾನು,” ಎಂದರು ಅಂಕಲ್. “ಕೊಯ್ಯುವಾಗ ಬಿಸಿಯಾಗಬಾರದು ಅಂತಲೇ ನೀರು ಬಿಡಿ ಅಂದದ್ದು. ಭಟ್ಟಿಗೇ ಹಾಕ್ತಾರೆ ಅಂತ ನನ್ನ ತಲೆಗೇ ಹೋಗ್ಲಿಲ್ಲ.” ಆಮೇಲೆ ತಾವೇ ಚೇತರಿಸಿಕೊಂಡರು. “ಆದರೆ ಕೇಳಿ, ಎಲ್ಲ ಮುಗೀಲಿಲ್ಲ. ಗೆರೆ ಹೋದರೂ ಒಳಗಿನ ಪಾಕ ಹೋಗುವುದಿಲ್ಲ. ನಾನು ಪೂರ್ತಿ ಅನಾಲಿಸಿಸ್ ಮಾಡಿ ಕೊಡ್ತೇನೆ.”

ಮಾಡಿಯೂ ಕೊಟ್ಟರು, ಒಂದು ವಾರ ರಾತ್ರಿ ಹಗಲೆನ್ನದೆ ಕೂತು. ನಿಕ್ಕೆಲ್ ನೂರಕ್ಕೆ ಎಂಟರ ಮೇಲೆ. ಕೋಬಾಲ್ಟ್ ನೂರಕ್ಕೆ ಅರ್ಧ. ಗರಗಸದ ಹಲ್ಲು ಮುರಿದ ಹರಳು ಕಬ್ಬಿಣ, ನಿಕ್ಕೆಲ್, ರಂಜಕ ಸೇರಿ ಆದದ್ದು, ಉಲ್ಕೆಗಳಲ್ಲೇ ಸಿಗುವಂಥದ್ದು. ಇಂಗಾಲ ಇಲ್ಲವೆನ್ನುವಷ್ಟು. ಮ್ಯಾಂಗನೀಸ್ ಇಲ್ಲವೇ ಇಲ್ಲ. ನಿಮ್ಮ ಕಾರ್ಖಾನೆಯಲ್ಲಿ ಮ್ಯಾಂಗನೀಸ್ ಹಾಕದೆ ಉಕ್ಕು ಕರಗಿಸುತ್ತೀರಾ ಎಂದು ವಕೀಲರನ್ನು ಕೇಳಲು ತಾವೇ ಅಂಬರನಾಥಕ್ಕೆ ಬಂದರು. ವಕೀಲರಿಗೆ ಮ್ಯಾಂಗನೀಸೂ ಒಂದೇ, ಮೆಣಸಿನಕಾಯಿಯೂ ಒಂದೇ.

“ನಿಕ್ಕೆಲ್ ಇದೆಯೋ ಇಲ್ಲವೋ? ಅಷ್ಟೇ ಹೇಳಿ,” ಎಂದರು ಇಂಗ್ಲಿಷಿನಲ್ಲಿ.

“ಇದೆ. ಆದರೆ—”

“ನೀವು ಹೇಳಿದ ಗೆರೆಗಳು?”

ಅಂಕಲ್ ತುಂಡಿನ ಅಂಚು ತೋರಿಸಿದರು. ವಕೀಲರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ಮ್ಯಾನೇಜರರ ಕೈಗೆ ಕೊಟ್ಟರು. “ಯೇ ತೋ ಕುಛ್ ಭಿ ನಹೀ,” ಎಂದು ಮ್ಯಾನೇಜರರು ಅದನ್ನು ಕಾಗದ ಹಾರದಂತೆ ಫೈಲಿನ ಮೇಲಿಟ್ಟರು. ನಾನು ಬೆಂಚಿನ ಮೇಲೆ ಕೂತು ನೋಡುತ್ತಿದ್ದೆ. ಎದ್ದು ಅದನ್ನು ಕಿತ್ತುಕೊಂಡು ಅವರ ಬೋಳುತಲೆಗೆ ಎಸೆಯಬೇಕೆನ್ನಿಸಿತು. ಎಸೆಯಲಿಲ್ಲ, ಕೂತೇ ಇದ್ದೆ.

ವಾರ ಕಳೆದು ಮ್ಯಾನೇಜರರು ಅಪ್ಪನನ್ನು ಕರೆಸಿ ದೊಡ್ಡ ಮನಸ್ಸು ತೋರಿಸಿದರು. ಲೈಸೆನ್ಸ್ ಆಫೀಸಿಗೆ ಕಳುಹಿಸಲು ಅವರಿಗೊಂದು ಹೆಸರು ಬೇಕಿತ್ತು. ತಪ್ಪೊಪ್ಪಿಗೆ ಬರೆದುಕೊಟ್ಟರೆ ಪೊಲೀಸ್ ಕೇಸಿಲ್ಲ, ನೌಕರಿ ಉಳಿಯುತ್ತದೆ, ಭಟ್ಟಿ ಬಿಟ್ಟು ಅಂಗಳದಲ್ಲಿ ಲೋಡಿಂಗ್ ಕೆಲಸ. ಇಲ್ಲವಾದರೆ ವಜಾ. ಪುಂಡರೀಕಾಕ್ಷ ಅಂಕಲ್ ನಮ್ಮ ಮನೆಗೇ ಬಂದು ಬೇಡಿಕೊಂಡರು. ಟ್ರಾಂಬೆಯ ಅಣುಕೇಂದ್ರದ ದೊಡ್ಡ ಮಷೀನಿಗೆ ಒಂದು ಚೂರು ಕಳುಹಿಸೋಣ, ಇನ್ನೂ ಸೂಕ್ಷ್ಮ ಲೋಹಗಳ ಲೆಕ್ಕ ಸಿಗುತ್ತದೆ, ಲೇಬರ್ ಕೋರ್ಟಿಗೆ ಹೋಗೋಣ, ನಾನು ಸಾಕ್ಷಿ ಹೇಳುತ್ತೇನೆ. ಆರು ತಿಂಗಳೋ ವರ್ಷವೋ ಆಗಬಹುದು, ಗೆಲ್ಲುತ್ತೇವೆ.

“ಹೋಗೋಣಪ್ಪಾ,” ಎಂದೆ ನಾನು. “ನೀನ ಹೇಳಿದ್ಯಲ್ಲಾ, ಕಳ್ಳ ಅನ್ನಿಸಿಕೊಳ್ಳಾಂಗಿಲ್ಲ ಅಂತ.”

ಅಪ್ಪ ಖಾಲಿ ಜಗಲಿಯ ಕಡೆ ಬೆನ್ನು ಮಾಡಿ ಕೂತಿದ್ದ. ಲ್ಯಾಬಿನಿಂದ ಬಂದ ದಿನದಿಂದ ಅವನು ಹಾಗೇ ಕೂರುತ್ತಿದ್ದ.

“ಆತನ ಗುರ್ತ ನಾನ ಸುಟ್ಟೆ, ಗಿರಿಜಾ. ನಮ್ಮಜ್ಜ, ನಮ್ಮಪ್ಪ ಇಟ್ಕೊಂಡಿದ್ರು, ಯಾರೂ ಬೆಂಕಿಗೆ ಹಾಕಿರಲಿಲ್ಲ. ಯಾವ ಮಾರಿ ಹೊತ್ತು ಕೋರ್ಟಿಗೆ ಹೋಗಲಿ? ಅವರು ಅನ್ನೂದರಾಗ ಏನು ತಪ್ಪೈತಿ?”

“ಅದು ಬ್ಯಾರೆ, ಇದು ಬ್ಯಾರೆ!” ಎಂದು ಕಿರುಚಿದೆ. ಅವ್ವ ಒಲೆಯ ಮುಂದಿನಿಂದ ಏಳಲೇ ಇಲ್ಲ. ಅಪ್ಪನ ಮೇಲೆ ನನಗೆ ಬಂದ ಸಿಟ್ಟು ಮ್ಯಾನೇಜರನ ಮೇಲೆಯೂ ಬಂದಿರಲಿಲ್ಲ. ತಾನು ಮಾಡದ ಕಳವನ್ನು ಮಾಡಿದ ತಪ್ಪಿನ ಜೊತೆ ಒಂದೇ ಪಾತ್ರೆಯಲ್ಲಿ ಕರಗಿಸಿಬಿಟ್ಟಿದ್ದ. ಅದನ್ನು ಬೇರೆ ಮಾಡುವ ಆಸಿಡ್ಡು ಪುಂಡರೀಕಾಕ್ಷ ಅಂಕಲ್ ಹತ್ತಿರ ಇರಲಿಲ್ಲ, ನನ್ನ ಹತ್ತಿರವೂ ಇರಲಿಲ್ಲ.

ಸೋಮವಾರ ಅಪ್ಪನ ಜೊತೆ ನಾನೇ ಹೋಗಬೇಕಾಯಿತು. ತಪ್ಪೊಪ್ಪಿಗೆಯನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಟ್ಟಿದ್ದರು. ಓದು ಬರದವನಿಗೆ ಅವನ ಭಾಷೆಯಲ್ಲಿ ಓದಿ ತಿಳಿಸಿದ್ದೇವೆ ಎಂದು ಕೆಳಗೆ ಯಾರಾದರೂ ಸಹಿ ಮಾಡಬೇಕಂತೆ, ಇಲ್ಲದಿದ್ದರೆ ಕಾನೂನಿನಲ್ಲಿ ನಿಲ್ಲುವುದಿಲ್ಲವಂತೆ. ಮುಂಡಪ್ಪನನ್ನು ಕರೆದರೆ ತಲೆನೋವೆಂದು ಬರಲಿಲ್ಲ. ಇಷ್ಟಾದರೂ ನಾಚಿಕೆ ಅವನಿಗಿತ್ತು. ಮ್ಯಾನೇಜರರು ಕಾಗದವನ್ನು ನನ್ನ ಕಡೆ ತಳ್ಳಿದರು.

“ಬೇಟಿ, ಕಾಲೇಜ್ ಮೆ ಪಢತಿ ಹೋ ನಾ? ಸಮಝಾ ದೋ ಬಾಬಾ ಕೋ.”

ಮೊದಲ ಸಾಲಿನಲ್ಲಿ ಅಪ್ಪನ ಹೆಸರು, ಅಜ್ಜನ ಹೆಸರು, ಊರು. ಅಷ್ಟನ್ನು ಓದಿದೆ. ಮುಂದಿನ ಸಾಲನ್ನು ಮನಸ್ಸಿನಲ್ಲೇ ಕನ್ನಡ ಮಾಡಿ ನೋಡಿ ನಿಂತೆ. ಅಪ್ಪ ಎರಡೂ ಕೈಯನ್ನು ಮೊಣಕಾಲಿನ ಮೇಲಿಟ್ಟುಕೊಂಡು, ಪರೀಕ್ಷೆಗೆ ಕೂತ ಹುಡುಗನ ಹಾಗೆ ನನ್ನ ಬಾಯಿಯನ್ನೇ ನೋಡುತ್ತಿದ್ದ.

“ಓದವಾ,” ಎಂದ.

ಓದಿದೆ. “ಕಾರ್ಖಾನೆಯ ನಿಕ್ಕೆಲನ್ನು ನಾನು ಕದ್ದೆನು. ಅದನ್ನು ಕಬ್ಬಿಣದೊಡನೆ ಕರಗಿಸಿ, ದೇವರೆಂದು ಸುಳ್ಳು ಹೇಳಿ, ಹೊರಗೆ ಸಾಗಿಸಲು ಯತ್ನಿಸಿದೆನು. ಸದರಿ ಉಂಡೆ ಕಾರ್ಖಾನೆಯ ಸ್ವತ್ತೆಂದೂ ಅದನ್ನು ಕರಗಿಸಿ ಬಳಸಿಕೊಳ್ಳಲು ನನ್ನ ಅಡ್ಡಿಯಿಲ್ಲವೆಂದೂ ಒಪ್ಪುತ್ತೇನೆ.” ಅಪ್ಪ ಪ್ರತಿ ವಾಕ್ಯಕ್ಕೂ ಹೂಂ ಅಂದ. ಕಡೆಯದಕ್ಕೆ ಮಾತ್ರ ಸ್ವಲ್ಪ ತಡವಾಗಿ ಅಂದ. ಪೆನ್ನು ತೆಗೆದುಕೊಂಡು ಗುರುಪಾದಪ್ಪ ಎಂದು ಕನ್ನಡದಲ್ಲಿ ದುಂಡಗೆ ಬರೆದ. ಅವನಿಗೆ ಬರೆಯಲು ಬರುತ್ತಿದ್ದದ್ದು ಅಷ್ಟೇ. ಅದರ ಕೆಳಗೆ ನಾನು ಸಹಿ ಹಾಕಿದೆ.

ಅಪ್ಪನನ್ನು ಕಳ್ಳ ಎಂದು ಗೇಟಿನಲ್ಲಿ ಹಿಂದಿಯಲ್ಲಿ ಅಂದಿದ್ದರು, ಚಾಳಿನಲ್ಲಿ ಮರಾಠಿಯಲ್ಲಿ ಅಂದಿದ್ದರು, ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದರು. ಅವನ ಮುಖಕ್ಕೆ ಕನ್ನಡದಲ್ಲಿ ಅಂದವಳು ನಾನೊಬ್ಬಳೇ.

ಹೊರಗೆ ಬಂದು ಗೇಟು ದಾಟಿ ಸ್ಟೇಷನ್ನಿನ ದಾರಿ ಹಿಡಿದೆವು. ಸ್ಟೇಷನ್ ಕಾಣುವಾಗ ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ.

“ಛಲೋ ಓದಿದಿ,” ಎಂದ. “ಒಂದು ಕಡಿನೂ ತಡವರಿಸಲಿಲ್ಲ ನೋಡು.”